ಮೊದಲೇ ಬರುವ ಪ್ರತಿಧ್ವನಿ

ಆ ಹಿಮನದಿಯ ಮೇಲೆ ಪ್ರತಿಧ್ವನಿ ಕೂಗಿಗಿಂತ ಮೊದಲೇ ಬರುತ್ತದೆ. ಸ್ಕೀ ಗೈಡ್ ನೀಲವ್ವನಿಗೆ ಅದೇನೂ ಹೊಸದಲ್ಲ. ಪುಟ್ಟ ವಿಮಾನ ಇಳಿದೊಡನೆ ಎಂಜಿನ್ ನಿಲ್ಲಿಸಲು ಹೇಳಿ ಇಳಿಜಾರಿಗೆ ಕಿವಿಗೊಡುತ್ತಾಳೆ. ಪ್ರವಾಸಿಗರು ಇನ್ನು ಮೇಲೆ ಹಾಕಲಿರುವ ನಗು, ಕೇಕೆ ತೇಲಿಬಂದರೆ ವಿಮಾನಕ್ಕೆ ಹೊರಡಲು ಕೈಬೀಸುತ್ತಾಳೆ. ಚೀತ್ಕಾರ ಬಂದರೆ ಮರುಮಾತಿಲ್ಲದೆ ಪ್ರವಾಸಿಗರನ್ನೆಲ್ಲ ಮತ್ತೆ ಹತ್ತಿಸುತ್ತಾಳೆ.

ಇಂದು ಚಳಿ ವಿಪರೀತ. "ಎಂಜಿನ್ ಬಂದ್ ಮಾಡಿದ್ರ ಮತ್ತ ಚಾಲೂ ಆಗೂದಿಲ್ಲ ನೀಲಕ್ಕಾ," ಎಂದು ಪೈಲಟ್ ಇರ್ಫಾನ್ ಗೋಗರೆದ. ಆ ಗದ್ದಲದಲ್ಲಿ ಏನು ಕೇಳೀತು? ಈ ಋತುವಿಡೀ ನಗುವೇ ಬಂದಿತ್ತಲ್ಲ ಎಂದುಕೊಂಡು ಅವಳು ಕೈಬೀಸಿಬಿಟ್ಟಳು. ವಿಮಾನ ಶಿಖರದಾಚೆ ಮರೆಯಾಯಿತು.

ಆಮೇಲೆ ಕಿವಿಗೊಟ್ಟಳು. ನಗುವಿಲ್ಲ. ಚೀತ್ಕಾರವೂ ಇಲ್ಲ.

"ಎಷ್ಟ ಶಾಂತ ಐತ್ರೀ ಇಲ್ಲಿ!" ಹುಬ್ಬಳ್ಳಿಯಿಂದ ಹೆಂಡತಿ ಮಕ್ಕಳೊಂದಿಗೆ ಬಂದಿದ್ದ ಗುರುಬಸಪ್ಪನವರು ಬೂಟಿನ ಪಟ್ಟಿ ಬಿಗಿಯುತ್ತ ಹಿಗ್ಗಿದರು. "ಇಳಿಯೂಣೇನ್ರಿ?"

"ಸ್ವಲ್ಪ ತಡೀರಿ," ಎಂದಳು ನೀಲವ್ವ. ಮತ್ತೆ ಇಳಿಜಾರಿನತ್ತ ಕಿವಿಗೊಟ್ಟಳು.

ಕಡೆಗೆ ಕೆಳಗಿನಿಂದ ಒಂದೇ ಒಂದು ದನಿ ಬಂತು. ಸಂಜೆ ಕರೆದೊಯ್ಯಲು ಬರಬೇಕಿದ್ದ ಇರ್ಫಾನನದು.

"ನೀಲಕ್ಕಾ... ಎಲ್ಲದೀರೀ?"

ಸಂಜೆಯ ಆ ಕೂಗು ಕೇಳುತ್ತಲೇ ಇತ್ತು. ಓಗೊಡುವ ದನಿ ಮಾತ್ರ ಎಲ್ಲಿಂದಲೂ ಬರಲಿಲ್ಲ.