ಮುಚ್ಚಳ

ತಮ್ಮೂರು ದಿಬ್ಬೂರಹಳ್ಳಿಯ ಗಡಿ ದಾಟುತ್ತಿದ್ದಂತೆ ಮುನಿಶಾಮಪ್ಪನ ಹಳೇ ಫಿಯೆಟ್ ಬಿಕ್ಕಳಿಸತೊಡಗಿತು. ಹಿಂದೆಲ್ಲ ಕರೀ ಹೊಗೆ. ಹಿಂದಿನ ಸೀಟಿನಲ್ಲಿ ಸೊಸೆ ತನುಜ ಬಟ್ಟೆಯ ಬ್ಯಾಗು ಹಿಡಿದು ಕೂತಿದ್ದಳು. ಅವಳನ್ನು ಕೆಂಚಾರ್ಲಹಳ್ಳಿಯ ತವರಿಗೆ ಬಿಟ್ಟು ಬರಬೇಕೆಂದು ಹೆಂಡತಿ ವೆಂಕಟರತ್ನಮ್ಮನ ಅಪ್ಪಣೆಯಾಗಿತ್ತು.

ದಿನಾ ಬೆಳಗ್ಗೆ ಹುಳುಮನೆಯಲ್ಲಿ ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳಿಂದ ಒಂದಷ್ಟು ರೇಷ್ಮೆಗೂಡು ಕಾಣೆಯಾಗುತ್ತಿದ್ದವು. ಸೊಸೆಯೇ ಕದ್ದು, ಶಿಡ್ಲಘಟ್ಟದಲ್ಲಿ ನೂಲು ಬಿಚ್ಚಾಣಿಕೆ ಮಾಡುವ ಅಣ್ಣನಿಗೆ ಸಾಗಿಸುತ್ತಾಳೆಂದು ವೆಂಕಟರತ್ನಮ್ಮ ಬೀದಿಯಲ್ಲಿ ನಿಂತು ಆ ಬ್ಯಾಗನ್ನು ಕೊಡವಿದ್ದಳು. ಏನೂ ಸಿಗಲಿಲ್ಲ. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತನುಜಳ ಗಂಡ ತಲೆ ತಗ್ಗಿಸಿದ್ದ. ಮುನಿಶಾಮಪ್ಪನೂ ಅಷ್ಟೆ. ಇಡೀ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಗಂಡಸಿಗೆ ಹೆಂಡತಿಯೆದುರು ಒಂದು ಮಾತು ಜೋಡಿಸಲು ಬರುತ್ತಿರಲಿಲ್ಲ.

ಬಾನೆಟ್ ಎತ್ತಿ ಪ್ಲಗ್ಗುಗಳನ್ನು ಬಿಚ್ಚಿದ. ನಾಲ್ಕೂ ಮಸಿ ಹಿಡಿದಿದ್ದವು. ಒರೆಸಿ ಹಾಕಿದರೂ ಅದೇ ಬಿಕ್ಕಳಿಕೆ.

"ಏನಾಗಿದೆ ಮಾವ?"

"ಪೆಟ್ರೋಲ್ ಹೋಗ್ತೈತೆ, ಗಾಳಿ ಸಾಲ್ತಿಲ್ಲ ಕಣಮ್ಮ. ಎಲ್ಲೋ ಉಸಿರು ಕಟ್ಟೈತೆ."

ಏರ್ ಫಿಲ್ಟರಿನ ಮುಚ್ಚಳ ತೆಗೆದವನು ಹಾಗೇ ನಿಂತುಬಿಟ್ಟ. ಒಳಗೆ ಇಲಿ ಮನೆ ಮಾಡಿತ್ತು. ಡಬ್ಬಿ ತುಂಬ ಹಿಂಜಿದ ರೇಷ್ಮೆ, ಕಚ್ಚಿ ತೂತು ಮಾಡಿದ ರೇಷ್ಮೆಗೂಡುಗಳು. ಅಷ್ಟೂ ದಿನ ಕಾರು ಹುಳುಮನೆಯ ಪಕ್ಕದಲ್ಲೇ ನಿಂತಿತ್ತು.

ಬಾನೆಟ್ಟಿನ ಮರೆಯಲ್ಲಿದ್ದುದರಿಂದ ತನುಜಳಿಗೆ ಏನೂ ಕಾಣುತ್ತಿರಲಿಲ್ಲ. ಮುನಿಶಾಮಪ್ಪನಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಭಯವಾಯಿತು. ಬೇಲಿಯಾಚೆ ಎಸೆದರೆ ಮುಗಿಯಿತು, ಮನೆಯಲ್ಲಿ ರಾದ್ಧಾಂತವಿಲ್ಲ. ಒಂದು ಹಿಡಿ ಕಿತ್ತುಕೊಂಡ. ಎಸೆಯಲು ಕೈ ಬರಲಿಲ್ಲ.

"ಇಳಿದು ಬಾರಮ್ಮ. ಇಲ್ನೋಡು."

ತನುಜ ಬಂದು ನೋಡಿದಳು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ.

"ನಡಿಯಮ್ಮ, ಮನೆಗೆ ವಾಪಸ್ ಹೋಗಣ," ಎಂದ ಮುನಿಶಾಮಪ್ಪ. "ಇದನ್ನ ಕ್ಲೀನ್ ಮಾಡಿ ಮುಚ್ಚಳ ಹಾಕ್ತೀನಿ. ನಿಮ್ಮತ್ತೇನ ಒಳಗೆ ಕೂರಿಸ್ಕೊಂಡು ನಿಧಾನಕ್ಕೆ ಹೇಳಣ."

"ನನ್ನ ಬ್ಯಾಗು ಕೊಡವಿದ್ದು ಬೀದೀಲಿ ಮಾವ. ಒಳಗಲ್ಲ."

ಮುನಿಶಾಮಪ್ಪ ಮತ್ತೆ ಬಾನೆಟ್ಟಿನೊಳಗೆ ಬಗ್ಗಿದ. ಡಬ್ಬಿಯನ್ನೇ ಬಿಚ್ಚಿ ಅವಳ ಕೈಗೆ ಕೊಟ್ಟ. ತನುಜ ಅದನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಸೀಟಿನಲ್ಲಿ ಕೂತಳು.

ಫಿಲ್ಟರ್ ಇಲ್ಲದ ಎಂಜಿನ್ ಈಗ ಬಿಕ್ಕಳಿಸಲಿಲ್ಲ, ಆದರೆ ಅಬ್ಬರಿಸತೊಡಗಿತು. ಕಾರು ಊರೊಳಗೆ ನುಗ್ಗಿದಾಗ ಜಗಲಿಗಳಿಂದ ಜನ ಎದ್ದು ನಿಂತರು. ಮುನಿಶಾಮಪ್ಪ ಬೆವರುತ್ತಿದ್ದ.

"ಎಲ್ಲಾರೂ ನೋಡ್ತಾವ್ರೆ ಕಣಮ್ಮ."

"ನೋಡ್ಲಿ ಮಾವ. ಹಾರ್ನೂ ಹೊಡೀರಿ."