ಮೊದಲ ಹತ್ತು ನಿಮಿಷ

ಮಳೆಯ ಮೊದಲ ಹನಿ ಮೂಗಿನ ಮೇಲೆ ಬಿದ್ದದ್ದೇ ತಡ, ಗಡಿಯಾರ ರಿಪೇರಿಯವನು ಹಿತ್ತಿಲಿಗೆ ಓಡಿ ಪೈಪಿನ ವಾಲ್ವ್ ಹಿಡಿದು ನಿಂತ. ಅದನ್ನು ಎಡಕ್ಕೆ ತಿರುಗಿಸಿದರೆ ತಾರಸಿಯ ನೀರು ಟ್ಯಾಂಕಿಗೆ, ಬಲಕ್ಕೆ ತಿರುಗಿಸಿದರೆ ಗೋಡೆಯಾಚೆ ಬೀದಿಗೆ. ಮೊದಲ ಹತ್ತು ನಿಮಿಷದ ನೀರಲ್ಲಿ ಧೂಳು, ಹಕ್ಕಿಗಳ ಹಿಕ್ಕೆ ಇರುತ್ತವೆ, ಹೊರಗೆ ಬಿಡಬೇಕು ಎಂದು ಟ್ಯಾಂಕಿನ ಜೊತೆ ಬಂದ ಪುಸ್ತಕದಲ್ಲಿತ್ತು. ಅವನು ಬಲಕ್ಕೆ ತಿರುಗಿಸಿ ಕೈಗಡಿಯಾರ ನೋಡತೊಡಗಿದ.

"ರೀ, ಟ್ಯಾಂಕಿಗೆ ಬಿಡ್ರೀ," ಎಂದಳು ಹೆಂಡತಿ. ಹೋದ ವರ್ಷ ಬಂದ ಒಂದೇ ಒಂದು ಮಳೆ ಎಂಟು ನಿಮಿಷಕ್ಕೆ ನಿಂತು, ಅಷ್ಟೂ ನೀರು ಹೀಗೇ ಬೀದಿಪಾಲಾಗಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ. ಆಮೇಲೆ ವರ್ಷವಿಡೀ ಬೀದಿ ಕೊನೆಯ ನಲ್ಲಿಯಿಂದ ದಿನಕ್ಕೆ ಆರು ಕೊಡ ಹೊತ್ತವಳು ಅವಳು. ಸವೆದ ಮಂಡಿಯೂ ಅವಳದೇ.

"ಇನ್ನೂ ಮೂರೇ ನಿಮಿಷ ಆಗಿರೋದು. ಹೊಲಸು ನೀರು ಕುಡೀತೀಯಾ?"

"ಕುಡಿಯೋಕೆ ಬೇಡ, ಬಟ್ಟೆ ಒಗೀತೀನಿ."

"ಪುಸ್ತಕ ಬರೆದವರೇನು ದಡ್ಡರಾ?"

"ಅವರ ಊರಲ್ಲಿ ಮಳೆ ದಿನಗಟ್ಟಲೆ ಹೊಡೆಯುತ್ತೆ ಕಣ್ರೀ!"

ಅಷ್ಟರಲ್ಲಿ ಗೋಡೆಯಾಚೆಯಿಂದ ಪಕ್ಕದ ಮನೆ ಟೈಲರ್ ಕೂಗಿದ: "ಅಣ್ಣಾ, ಅತ್ತಿಗೆ ಮಾತು ಕೇಳಬೇಡಿ! ಆರೋಗ್ಯದ ವಿಷಯ. ಹತ್ತಲ್ಲ, ಹನ್ನೆರಡು ನಿಮಿಷ ಬಿಡಿ!"

"ನೋಡಿದ್ಯಾ? ತಿಳಿದವರಿಗೆ ಗೊತ್ತಾಗುತ್ತೆ," ಎಂದ ಗಂಡ. ಅವಳಿಗೆ ಸಿಟ್ಟಿಗೆ ಅಳುವೇ ಬಂತು. ಕೊಡ ಎತ್ತಿಕೊಂಡು ಬೀದಿಗೆ ನಡೆದಳು.

ಬೀದಿಯಲ್ಲಿ ಪೈಪಿನ ಬಾಯಿಗೆ ಟೈಲರ್ ಡ್ರಮ್ ಇಟ್ಟಿದ್ದ. ನೀರು ಆಗಲೇ ತಿಳಿಯಾಗಿತ್ತು. ಅವನ ಹಿಂದೆ ಬಕೆಟ್ಟು, ಕೊಡ, ಹಂಡೆ ಹಿಡಿದು ಅರ್ಧ ಬೀದಿ ನಿಂತಿತ್ತು. ಅವಳು ಮುಂದೆ ನುಗ್ಗಿದಳು.

"ಅತ್ತಿಗೆ, ಬೇಜಾರು ಮಾಡ್ಕೋಬೇಡಿ, ಕ್ಯೂನಲ್ಲಿ ಬನ್ನಿ," ಎಂದ ಟೈಲರ್.

"ಇದು ನಮ್ಮನೆ ನೀರು!"

"ಒಳಗಿದ್ದಾಗ ನಿಮ್ಮದು. ಬೀದಿಗೆ ಬಂದ್ಮೇಲೆ ಕ್ಯೂ ಕ್ಯೂನೇ."

ಹಿಂದಿದ್ದವರೆಲ್ಲ ಹೌದು ಹೌದೆಂದರು. ಅವಳು ಹೋಗಿ ಕೊನೆಯಲ್ಲಿ ನಿಂತಳು. ಅವಳ ಸರದಿ ಬರುವುದಕ್ಕೂ ಮಳೆ ನಿಲ್ಲುವುದಕ್ಕೂ ಸರಿಹೋಯಿತು. ಪೈಪು ಎರಡು ಹನಿ ತೊಟ್ಟಿಕ್ಕಿ ಸುಮ್ಮನಾಯಿತು. ಟೈಲರ್ ಕರುಣೆಯಿಂದ ತನ್ನ ಡ್ರಮ್ಮಿನಿಂದ ಅರ್ಧ ಕೊಡ ಮೊಗೆದು ಕೊಟ್ಟ. "ಪಾಪ, ನೀರಿಲ್ಲದ ಮನೆ ಕಷ್ಟ ನಂಗೆ ಗೊತ್ತು ಅತ್ತಿಗೆ. ಇದನ್ನ ವಾಪಸ್ ಏನೂ ಕೊಡಬೇಡಿ."

ಹಿತ್ತಿಲಲ್ಲಿ ಹತ್ತನೇ ನಿಮಿಷ ಮುಗಿದ ಕ್ಷಣಕ್ಕೇ ಗಂಡ ವಾಲ್ವನ್ನು ಟ್ಯಾಂಕಿನ ಕಡೆ ತಿರುಗಿಸಿದ್ದ. ಒಂದು ಸೆಕೆಂಡೂ ಹೆಚ್ಚುಕಡಿಮೆ ಇಲ್ಲ. ಬಿಸಿಲು ಚುರುಗುಟ್ಟುತ್ತಿತ್ತು. ಸ್ವಲ್ಪ ಹೊತ್ತು ಆಕಾಶ ನೋಡಿ, ಬೆವರು ಒರೆಸಿಕೊಂಡು ಒಳಗೆ ಬಂದವನೇ ಕೊಡದಿಂದ ಒಂದು ಲೋಟ ನೀರು ಮೊಗೆದು ಗಟಗಟ ಕುಡಿದ.

"ಯಾರು ಕೊಟ್ಟಿದ್ದು?"

"ಟೈಲರ್."

ಅವನು ಇನ್ನೊಂದು ಲೋಟ ಮೊಗೆದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. "ಎಷ್ಟು ತಿಳಿಯಾಗಿದೆ ನೋಡೇ! ಅವನೂ ಸರಿಯಾಗಿ ಹತ್ತು ನಿಮಿಷ ಬಿಟ್ಟೇ ಹಿಡಿದಿದ್ದಾನೆ."