ಸಾಕುಪದ

ನಮ್ಮದು ಕ್ಯೂ ಅಕ್ಷರದ ಬೀದಿ. ಸಾಯುತ್ತಿರುವ ಇಂಗ್ಲಿಷ್ ಪದಗಳಲ್ಲಿ ಕ್ಯೂನಿಂದ ಶುರುವಾಗುವವನ್ನೆಲ್ಲ ನಾವೇ ಸಾಕಬೇಕು. ಎದುರುಮನೆ ಪಾರ್ವತಕ್ಕನಿಗೆ ಬಂದದ್ದು 'ಕ್ವಿಡ್‌ನಂಕ್', ಅಂದರೆ ಊರ ಸುದ್ದಿಯೆಲ್ಲ ತನಗೇ ಬೇಕೆನ್ನುವವಳು. ನನ್ನ ಪಾಲಿಗೆ 'ಕ್ವೇಕ್‌ಬಟಕ್', ಅಂದರೆ ಪುಕ್ಕಲ. ದಿನಕ್ಕೊಮ್ಮೆಯಾದರೂ ಮನಸಾರೆ ಬಳಸದಿದ್ದರೆ ನಲ್ಲಿ ನೀರು ಬಂದ್. ದಿನಾ ಬೆಳಿಗ್ಗೆ ಎದ್ದು ಪಾಪದ ಗಂಡನಿಗೆ ಹಾಗಂತ ಬೈದದ್ದೇ ಬೈದದ್ದು.

ಇವತ್ತು ಪದಪಾಲನೆ ಇಲಾಖೆಯ ತಿಪ್ಪೇಶ, ಪದ ಎಷ್ಟು ಮನಸಾರೆ ಬಂತೆಂದು ಅಳೆಯುವ ಮೀಟರು ಹಿಡಿದು ಬಂದ. "ನೀವು ಬರೀ ಬಾಯಿಮಾತಿಗೆ ಹೇಳ್ತಿದ್ದೀರಿ ಅಮ್ಮಾ. ಮುಳ್ಳು ಅಲ್ಲಾಡ್ತಾನೇ ಇಲ್ಲ. ನಾಳೆಯಿಂದ ನೀರಿಲ್ಲ" ಅಂದ.

ನನಗೆ ಮೈಯೆಲ್ಲ ಉರಿಯಿತು. "ಬೆಕ್ಕಿಗೆ ಸಿಗದ ಹಾಗೆ ಹಾಲಿನ ಗಡಿಗೆ ತೂಗುಹಾಕೋ ಹಗ್ಗಕ್ಕೆ ನಮ್ಮತ್ತೆ 'ನೆಲವು' ಅಂತಿದ್ರು. ಹೋದ ತಿಂಗಳು ಅವರ ಜೊತೆ ಆ ಮಾತೂ ಹೋಯ್ತು. ಅದನ್ನ ಸಾಕೋಕೆ ಯಾವ ಬೀದಿಗೆ ಕೊಟ್ರಪ್ಪಾ?"

ತಿಪ್ಪೇಶ ಆಚೀಚೆ ನೋಡಿ ದನಿ ತಗ್ಗಿಸಿದ. "ನಮ್ಮಜ್ಜಿನೂ ನೆಲವು ಅಂತಿದ್ರು ಅಮ್ಮಾ. ಆದ್ರೆ ಸಾಹೇಬ್ರ ಮುಂದೆ ಬಾಯಿ ಬಿಡೋಕೆ ಭಯ."

"ಥೂ, ಕ್ವೇಕ್‌ಬಟಕ್!" ಎಂದೆ.

ಮೀಟರಿನ ಮುಳ್ಳು ಒಮ್ಮೆಲೇ ಕೊನೆಗೆ ಹೋಗಿ ನಿಂತಿತು. "ನೀರು ಬರುತ್ತೆ ಬಿಡಿ ಅಮ್ಮಾ" ಎನ್ನುತ್ತ ಅವನು ತಲೆ ತಗ್ಗಿಸಿ ಮೆಟ್ಟಿಲಿಳಿದ.